ಎರಡು ಕಂಪ್ಯೂಟರ್ ಇದ್ದರೆ ಎರಡು ಕೀಬೋರ್ಡ್ ಯಾಕೆ ಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಶಿವಮೊಗ್ಗದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಡಿಟಿಪಿ ಕೆಲಸ ಮಾಡುವವಳು. ಲಗ್ನಪತ್ರಿಕೆ, ಕರಪತ್ರ, ಸಂಘಗಳ ವಾರ್ಷಿಕ ವರದಿ, ಆಗೊಂದು ಈಗೊಂದು ಕವನ ಸಂಕಲನ. 20 ವರ್ಷದ ಮೇಲಾಯಿತು. ಈಗ ಬರೆಯಲು ಕಾರಣ ಏನೆಂದರೆ, ಕೆಲವು ತಿಂಗಳಿಂದ ಗುರುತಿನವರೆಲ್ಲ ಒಂದೇ ಮಾತು ಕೇಳುತ್ತಿದ್ದಾರೆ. "ವಿಂಡೋಸ್ 10 ನಿಂತು ಹೋಯ್ತಂತಲ್ಲಾ, ಹಳೇ ಕಂಪ್ಯೂಟರ್ ಏನ್ ಮಾಡೋದು?" 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿದ್ದು ನಿಜ. ಹಳೆಯ ಎಷ್ಟೋ ಯಂತ್ರಗಳಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲ ಅನ್ನುವುದೂ ನಿಜ. ಆದರೆ ಅಂಗಡಿಗೆ ಹೋದರೆ ಎಲ್ಲರಿಗೂ ಸಿಗುವ ಉತ್ತರ ಒಂದೇ: ಫುಲ್ ಸೆಟ್ ತಗೊಳ್ಳಿ. ಸಿಪಿಯು, ಮಾನಿಟರ್, ಕೀಬೋರ್ಡ್, ಮೌಸ್, ಎಲ್ಲ ಹೊಸದು. ಹಳೆಯದು ಅಟ್ಟಕ್ಕೆ ಅಥವಾ ಗುಜರಿಗೆ.

ಇದು ಬೇಡ ಅಂತ ಹೇಳಲು ಈ ಪತ್ರ. ಹೊಸ ಕಂಪ್ಯೂಟರ್ ಬೇಕಾದರೆ ಡಬ್ಬ, ಅಂದರೆ ಸಿಪಿಯು ಮಾತ್ರ ತನ್ನಿ. ಇರುವ ಒಂದು ಮಾನಿಟರ್, ಒಂದು ಕೀಬೋರ್ಡ್, ಒಂದು ಮೌಸ್ ಎರಡಕ್ಕೂ ಸಾಕು, ಮೂರಕ್ಕೂ ಸಾಕು. ಹಳೆಯದನ್ನೂ ಎಸೆಯಬೇಕಾಗಿಲ್ಲ.

ನನ್ನ ಮೇಜಿನ ಕಥೆ ಹೇಳಿದರೆ ಅರ್ಥವಾದೀತು. ನನಗೆ ಎರಡು ಕಂಪ್ಯೂಟರ್ ಬೇಕೇ ಬೇಕು. ಒಂದು ಹಳೆಯದು, ವಿಂಡೋಸ್ ಎಕ್ಸ್‌ಪಿ, ಅದರಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶ. ಕನ್ನಡದಲ್ಲಿ ಡಿಟಿಪಿ ಮಾಡಿದ ನನ್ನ ವಯಸ್ಸಿನವರಿಗೆಲ್ಲ ಇದು ಗೊತ್ತು. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ, ಅಂದರೆ ಈಗ ಕಂಪ್ಯೂಟರ್, ಮೊಬೈಲ್ ಎಲ್ಲದರಲ್ಲೂ ನಡೆಯುವ ಕನ್ನಡ, ಗೊತ್ತಿಲ್ಲ. ಅದರ ಕೊನೆಯ ಆವೃತ್ತಿ 7, ಆಮೇಲೆ ಅಡೋಬಿಯವರು ಅದನ್ನು ಮುಂದುವರಿಸಲೇ ಇಲ್ಲ. ಆದರೆ ನಾನು ಮಾಡಿದ ಹಳೆಯ ಪುಸ್ತಕಗಳೆಲ್ಲ ಅದರಲ್ಲೇ ಇವೆ, ಹಳೆಯ ನುಡಿ ಫಾಂಟಿನಲ್ಲಿ (ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ). ಯಾರೋ ಬಂದು "ನಮ್ಮ ಅಪ್ಪನ ಪುಸ್ತಕ ಮರುಮುದ್ರಣ ಮಾಡಬೇಕು, ಫೈಲ್ ಇದೆಯಾ" ಅಂದಾಗ ತೆರೆಯಲು ಆ ಯಂತ್ರವೇ ಬೇಕು. ಯೂನಿಕೋಡಿಗೆ ಬದಲಾಯಿಸಬಹುದು, ನಿಜ, ನಾನೂ ಮಾಡುತ್ತೇನೆ. ಆದರೆ ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆ ಅಂತ ಮೂಲದ ಪುಟ ಎದುರಿಗೆ ಇಟ್ಟುಕೊಂಡೇ ನೋಡಬೇಕು.

ಕೆಲವರು ಹೊಸ ಕಂಪ್ಯೂಟರ್ ಒಳಗೇ ಹಳೆಯ ವಿಂಡೋಸ್ ಓಡಿಸಬಹುದಲ್ವಾ ಅಂತ ಕೇಳುತ್ತಾರೆ. ಓಡಿಸಬಹುದು. ನನ್ನದರಲ್ಲಿ ಆಗಲಿಲ್ಲ, ಯಾಕೆಂದರೆ ನನ್ನ ಬಳಿ ಇರುವ ಇನ್ನೊಂದು ಹಳೆಯ ಅಕ್ಷರ ತಂತ್ರಾಂಶಕ್ಕೆ ಪ್ರಿಂಟರ್ ಪೋರ್ಟಿಗೆ ಸಿಗಿಸುವ ಒಂದು ಲಾಕ್ ಇದೆ. ಆ ಅಗಲವಾದ ಪೋರ್ಟ್ ಈಗಿನ ಯಂತ್ರಗಳಲ್ಲಿ ಇಲ್ಲ. ಲಾಕ್ ಇಲ್ಲದೆ ಅದು ತೆರೆಯುವುದಿಲ್ಲ.

ಎರಡನೆಯದು 2019ರಲ್ಲಿ ತಂದ ಕಂಪ್ಯೂಟರ್. ಈಗ ಅದರಲ್ಲಿ ವಿಂಡೋಸ್ 11 ಇದೆ. ಹೊಸ ಕೆಲಸವೆಲ್ಲ ಅದರಲ್ಲೇ, ಯೂನಿಕೋಡಿನಲ್ಲಿ. ಅದನ್ನು ತರುವಾಗ ನಾನೂ ಫುಲ್ ಸೆಟ್ಟೇ ತಂದೆ. ಯಾರೂ ಬೇರೆ ದಾರಿ ಹೇಳಲಿಲ್ಲ.

ನಾಲ್ಕು ಅಡಿ ಮೇಜು. ಎರಡು ಮಾನಿಟರ್, ಎರಡು ಕೀಬೋರ್ಡ್, ಎರಡು ಮೌಸ್. ಕರಡು ತಿದ್ದಲು ಕಾಗದ ಇಡಲು ಜಾಗ ಇಲ್ಲ. ಹಳೆಯ ಪುಟ ಎಡಗಡೆ, ಹೊಸ ಪುಟ ಬಲಗಡೆ, ದಿನಕ್ಕೆ ಎಷ್ಟು ನೂರು ಸಲ ಕುತ್ತಿಗೆ ಆ ಕಡೆ ಈ ಕಡೆ ತಿರುಗಿಸಿದೆನೋ. ಬಲಗಡೆ ನೋಡಿಕೊಂಡು ಎಡಗಡೆ ಕೀಬೋರ್ಡಿನಲ್ಲಿ ಟೈಪ್ ಮಾಡಿದ್ದೂ ಇದೆ. ಒಂದು ಸಲ ಹೀಗೇ ಹಳೆಯ ಫೈಲಿನಲ್ಲಿ ಒಂದು ಪ್ಯಾರಾ ಅಳಿಸಿ ಹೋಗಿ, ಸೇವ್ ಕೂಡ ಆಗಿ, ಅಚ್ಚಾದ ಹಳೆಯ ಪುಸ್ತಕ ಹುಡುಕಿ ತಂದು ಮತ್ತೆ ಟೈಪ್ ಮಾಡಬೇಕಾಯಿತು. ಕೀ ವಿನ್ಯಾಸ ಒಂದೇ ಆದರೂ ಎರಡು ಕೀಬೋರ್ಡಿನ ಕೀಗಳ ಎತ್ತರ, ಗಡಸುತನ ಬೇರೆ. ದಿನವಿಡೀ ಟೈಪ್ ಮಾಡುವವರ ಬೆರಳಿಗೆ ಅದು ಗೊತ್ತಾಗುತ್ತದೆ. ಬಲ ಭುಜ ನೋವು ಶುರುವಾಗಿ ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ನಿಮ್ಮ ಮೇಜು ಹೇಗಿದೆ ಅಂತ.

ಆಗ ಮಗಳು ಹೇಳಿದಳು, "ಅಮ್ಮಾ, ಇದಕ್ಕೆ ಕೆವಿಎಂ ಸ್ವಿಚ್ ಅಂತ ಒಂದು ಬರುತ್ತೆ." ಕೆ ಅಂದರೆ ಕೀಬೋರ್ಡ್, ವಿ ಅಂದರೆ ವಿಡಿಯೋ, ಎಂ ಅಂದರೆ ಮೌಸ್. ಅಂಗೈಯಷ್ಟು ದೊಡ್ಡ ಡಬ್ಬಿ. ಅದಕ್ಕೆ ಒಂದು ಕಡೆ ನಿಮ್ಮ ಮಾನಿಟರ್, ಕೀಬೋರ್ಡ್, ಮೌಸ್ ಸಿಗಿಸಬೇಕು, ಇನ್ನೊಂದು ಕಡೆ ಎರಡು ಅಥವಾ ನಾಲ್ಕು ಕಂಪ್ಯೂಟರ್. ಗುಂಡಿ ಒತ್ತಿದರೆ ಈ ಕಂಪ್ಯೂಟರ್, ಮತ್ತೆ ಒತ್ತಿದರೆ ಆ ಕಂಪ್ಯೂಟರ್. ಇದು ಹೊಸದೇನೂ ಅಲ್ಲ. ಸರ್ವರ್ ಕೋಣೆಗಳಲ್ಲಿ ಬಹಳ ಹಿಂದಿನಿಂದ ಇದೆ. ಒಂದು ಕಪಾಟಿನಲ್ಲಿ ಹತ್ತಿಪ್ಪತ್ತು ಸರ್ವರ್ ಇದ್ದರೂ ಎಳೆದು ತೆಗೆಯುವ ಒಂದೇ ಸ್ಕ್ರೀನ್, ಒಂದೇ ಕೀಬೋರ್ಡ್ ಇರುತ್ತದೆ. ಅಷ್ಟು ದೊಡ್ಡ ಕಡೆ ಅವರು ಹಾಗೆ ಮಾಡುತ್ತಾರೆ, ನಾವು ಮನೆಯಲ್ಲಿ ಒಂದೊಂದಕ್ಕೂ ಒಂದೊಂದು ಸೆಟ್ ಕೊಳ್ಳುತ್ತೇವೆ.

ಹಳೆಯ ಯಂತ್ರದಲ್ಲಿ ಇರುವುದು ವಿಜಿಎ ಮಾತ್ರ, ಆ ನೀಲಿ ಬಣ್ಣದ, 15 ಪಿನ್ನಿನ, ಎರಡು ಕಡೆ ಸ್ಕ್ರೂ ಇರುವ ಪೋರ್ಟ್. ಹೊಸದರಲ್ಲಿ ಎಚ್‌ಡಿಎಂಐ, ಈಗಿನ ಟಿವಿಗಳಲ್ಲೂ ಇರುವ ಚಪ್ಪಟೆ ಪೋರ್ಟ್. ನಾನು ವಿಜಿಎ ಕೆವಿಎಂ ತಂದೆ. ಹೊಸ ಕಂಪ್ಯೂಟರಿನ ಎಚ್‌ಡಿಎಂಐಯನ್ನು ವಿಜಿಎಗೆ ಬದಲಾಯಿಸಲು ಒಂದು ಕನ್ವರ್ಟರ್ ಬೇಕಿತ್ತು. ಅಂಗಡಿಯವರು ಕೊಟ್ಟಿದ್ದು ಕೆಲಸ ಮಾಡಲಿಲ್ಲ. ಎರಡು ಸಲ ಓಡಾಡಿದ ಮೇಲೆ ಗೊತ್ತಾಯಿತು, ಅವರು ಕೊಟ್ಟಿದ್ದು ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವುದು. ನನಗೆ ಬೇಕಾಗಿದ್ದು ಎಚ್‌ಡಿಎಂಐಯಿಂದ ವಿಜಿಎಗೆ. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ಥರ. ಆದರೆ ಇವು ಒಂದೇ ದಿಕ್ಕಿಗೆ ಕೆಲಸ ಮಾಡುತ್ತವೆ, ತಿರುಗಿಸಿ ಹಾಕಿದರೆ ಆಗುವುದಿಲ್ಲ. ಬರೀ ವೈರ್ ಇರುವ ಕೇಬಲ್ಲೂ ಸಾಲದು, ಒಳಗೆ ಸಂಕೇತ ಬದಲಾಯಿಸುವ ಚಿಪ್ ಇರಬೇಕು. ಇಷ್ಟು ವಿಷಯ ಮಾರುವವರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಬೇಕು.

ಸರಿ, ಸಿಗಿಸಿದೆ. ಚಿತ್ರ ಬಂತು. ಆಮೇಲೆ ಶುರುವಾಯಿತು ನೋಡಿ ಕನ್ನಡದವರಿಗೆ ಮಾತ್ರ ಬರುವ ತೊಂದರೆ. ಇದನ್ನು ನಾನು ಎಲ್ಲೂ ಓದಿರಲಿಲ್ಲ.

ನುಡಿ ಬಳಸುವವರಿಗೆ ಗೊತ್ತು, ಕನ್ನಡ ಮತ್ತು ಇಂಗ್ಲಿಷ್ ನಡುವೆ ಹೋಗಿ ಬರಲು ಸ್ಕ್ರೋಲ್ ಲಾಕ್ ಕೀ ಒತ್ತುತ್ತೇವೆ. ಬೇರೆ ಯಾರೂ ಬಳಸದ ಕೀ ಅಂತ ಅದನ್ನು ಆರಿಸಿರಬೇಕು. ನನ್ನ ಕೆವಿಎಂ ಡಬ್ಬಿ ಮಾಡಿದವರೂ ಹಾಗೆಯೇ ಯೋಚಿಸಿದ್ದಾರೆ. ಅದರಲ್ಲಿ ಸ್ಕ್ರೋಲ್ ಲಾಕನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಕಂಪ್ಯೂಟರ್ ಬದಲಾಗುತ್ತದೆ. ಅದೊಂದರಲ್ಲಿ ಮಾತ್ರ ಅಲ್ಲ, ಇಂಥ ಬಹಳಷ್ಟು ಡಬ್ಬಿಗಳಲ್ಲಿ ಹೀಗೇ. ಈಗ ಯೋಚಿಸಿ. ಲಗ್ನಪತ್ರಿಕೆಯಲ್ಲಿ ಕನ್ನಡದ ನಡುವೆ ಒಂದೇ ಒಂದು ಇಂಗ್ಲಿಷ್ ಅಕ್ಷರ ಬರುತ್ತದೆ, ಹುಡುಗನ ಡಿಗ್ರಿ ಅಥವಾ ಕಲ್ಯಾಣ ಮಂಟಪದ ಹೆಸರು. ಸ್ಕ್ರೋಲ್ ಲಾಕ್, ಒಂದು ಅಕ್ಷರ, ಸ್ಕ್ರೋಲ್ ಲಾಕ್. ಕೈ ಬೇಗ ಓಡಿದರೆ ಅಥವಾ ಕನ್ನಡ ಆನ್ ಆಯಿತೋ ಇಲ್ಲವೋ ಅಂತ ಇನ್ನೊಮ್ಮೆ ಒತ್ತಿದರೆ ಸ್ಕ್ರೀನ್ ಪಟ್ಟನೆ ಕಪ್ಪಾಗಿ ಇನ್ನೊಂದು ಕಂಪ್ಯೂಟರಿಗೆ ಹಾರುತ್ತಿತ್ತು. ಮೊದಲ ದಿನ ಡಬ್ಬಿ ಕೆಟ್ಟಿದೆ ಅಂದುಕೊಂಡೆ. ಎರಡನೇ ದಿನ ನುಡಿ ಕೆಟ್ಟಿದೆ ಅಂದುಕೊಂಡು ತೆಗೆದು ಮತ್ತೆ ಹಾಕಿದೆ. ಮೂರನೇ ದಿನ ಡಬ್ಬಿಯ ಜೊತೆ ಬಂದ ಚೀಟಿಯನ್ನು ಭೂತಗನ್ನಡಿ ಹಿಡಿದು ಓದಿದಾಗ ಅರ್ಥವಾಯಿತು. ಎರಡೂ ಸರಿ ಇವೆ, ಎರಡಕ್ಕೂ ಬೇಕಾಗಿರುವುದು ಒಂದೇ ಕೀ.

ನುಡಿ ಬಳಸುವವರು ಕೆವಿಎಂ ತರುವ ಮೊದಲು ಇದೊಂದನ್ನು ಕೇಳಿಯೇ ಕೇಳಿ: ಬದಲಾಯಿಸುವ ಕೀಯನ್ನು ಕಂಟ್ರೋಲ್ ಅಥವಾ ಬೇರೆ ಕೀಗೆ ಹಾಕಿಕೊಳ್ಳಲು ಆಗುತ್ತದೆಯೇ, ಇಲ್ಲವೇ ಆ ಸೌಲಭ್ಯವನ್ನೇ ಆಫ್ ಮಾಡಲು ಬರುತ್ತದೆಯೇ. ಕೆಲವು ಡಬ್ಬಿಗಳಲ್ಲಿ ಆಗುತ್ತದೆ. ನನ್ನದರಲ್ಲಿ ಆಗುತ್ತಿರಲಿಲ್ಲ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ನುಡಿಯೇ ಹೆಚ್ಚು ನಡೆಯುವುದು, ಹಾಗಾಗಿ ಈ ತೊಂದರೆ ನನ್ನೊಬ್ಬಳದೇ ಇರಲಾರದು.

ಇನ್ನೊಂದು ಕಿರಿಕಿರಿ ಚಿತ್ರದ್ದು. ಮಾನಿಟರ್ ತನ್ನ ಅಳತೆ ಏನು, ಎಷ್ಟು ಚುಕ್ಕಿ ತೋರಿಸಬಲ್ಲೆ ಅಂತ ಕಂಪ್ಯೂಟರಿಗೆ ತಾನೇ ಹೇಳುತ್ತದೆ. ಇದಕ್ಕೆ ಎಡಿಡ್ ಅನ್ನುತ್ತಾರೆ. ಕಡಿಮೆ ಬೆಲೆಯ ಡಬ್ಬಿಗಳು ಗುಂಡಿ ಒತ್ತಿದ ಕೂಡಲೇ ಆ ಮಾತುಕತೆಯನ್ನೂ ಕತ್ತರಿಸುತ್ತವೆ. ಆಗ ಹಿಂದೆ ಉಳಿದ ಕಂಪ್ಯೂಟರಿಗೆ ಮಾನಿಟರನ್ನೇ ಕಿತ್ತು ಹಾಕಿದಂತೆ. ವಾಪಸ್ ಬಂದಾಗ ಚಿತ್ರ 1024 ಗುಣಿಸು 768ಕ್ಕೆ ಇಳಿದು, ಕಿಟಕಿಗಳೆಲ್ಲ ಒಂದು ಮೂಲೆಗೆ ಸೇರಿ, ಐಕಾನ್‌ಗಳು ಚೆಲ್ಲಾಪಿಲ್ಲಿ. ಸ್ವಲ್ಪ ಜಾಸ್ತಿ ದುಡ್ಡಿನ ಡಬ್ಬಿಗಳು ಮಾನಿಟರ್ ಇಲ್ಲದಾಗಲೂ ಇದೆ ಎಂಬಂತೆ ಕಂಪ್ಯೂಟರಿಗೆ ಉತ್ತರ ಕೊಡುತ್ತಿರುತ್ತವೆ. ಚಿತ್ರವನ್ನೂ ಡಬ್ಬಿಯ ಮೂಲಕವೇ ಬದಲಾಯಿಸುವುದಾದರೆ ಅಂಥದ್ದನ್ನೇ ತನ್ನಿ.

ನಾನು ಮಾತ್ರ ಆ ಡಬ್ಬಿ ಬಿಟ್ಟುಬಿಟ್ಟೆ. ಒಂದು ಭಾನುವಾರ ಧೂಳು ಒರೆಸಲು ಮಾನಿಟರ್ ತಿರುಗಿಸಿದಾಗ ಅದರ ಹಿಂದೆ ನೋಡಿದೆ. ಒಂದು ವಿಜಿಎ, ಪಕ್ಕದಲ್ಲೇ ಒಂದು ಎಚ್‌ಡಿಎಂಐ. ಎರಡು ಬಾಗಿಲು ಮೊದಲಿಂದಲೂ ಇತ್ತು! ಹಳೆಯದನ್ನು ವಿಜಿಎಗೆ, ಹೊಸದನ್ನು ಎಚ್‌ಡಿಎಂಐಗೆ ಸಿಗಿಸಿದೆ. ಮಾನಿಟರಿನ ಕೆಳಗಿನ ಗುಂಡಿಯಲ್ಲಿ ಇನ್‌ಪುಟ್ ಅಂತ ಇರುತ್ತದೆ, ಅದನ್ನು ಒತ್ತಿದರೆ ಇದು, ಇನ್ನೊಮ್ಮೆ ಒತ್ತಿದರೆ ಅದು. ಕನ್ವರ್ಟರ್ ಬೇಡ, ವಿಡಿಯೋ ಡಬ್ಬಿ ಬೇಡ, ಅಕ್ಷರವೂ ಮಸುಕಾಗುವುದಿಲ್ಲ. ಇಷ್ಟು ವರ್ಷ ಅದರ ಮುಂದೆ ಕೂತು ಕೆಲಸ ಮಾಡಿದ್ದೇನೆ, ಹಿಂದೆ ನೋಡಿ ಅಂತ ಒಬ್ಬರೂ ಹೇಳಿರಲಿಲ್ಲ.

ಉಳಿದಿದ್ದು ಕೀಬೋರ್ಡ್ ಮತ್ತು ಮೌಸ್. ಅದಕ್ಕೆ ಯುಎಸ್‌ಬಿ ಸ್ವಿಚ್ ಅಂತ ಇನ್ನೂ ಚಿಕ್ಕ ಡಬ್ಬಿ ಸಿಗುತ್ತದೆ. ಅದರಲ್ಲಿ ವಿಡಿಯೋ ಇಲ್ಲ, ಹಾಗಾಗಿ ಬೆಲೆಯೂ ಕಡಿಮೆ. ನಾನು ಕೊಟ್ಟಿದ್ದು 850 ರೂಪಾಯಿ. ನಾಲ್ಕು ಯುಎಸ್‌ಬಿ ತೂತು, ಎರಡು ಕಂಪ್ಯೂಟರಿಗೆ ಹೋಗುವ ಎರಡು ಕೇಬಲ್, ಮೇಲೊಂದು ಗುಂಡಿ. ಬದಲಾಯಿಸುವುದು ಆ ಗುಂಡಿಯಿಂದ ಮಾತ್ರ, ಕೀಬೋರ್ಡಿನಿಂದ ಅಲ್ಲ, ಹಾಗಾಗಿ ನುಡಿಗೆ ಯಾವ ತೊಂದರೆಯೂ ಇಲ್ಲ. ಹಳೆಯ ಯಂತ್ರದಲ್ಲಿ ಹಸಿರು, ನೇರಳೆ ಬಣ್ಣದ ಗುಂಡು ಪೋರ್ಟ್ ಇರುತ್ತವಲ್ಲ, ಮೌಸಿಗೊಂದು ಕೀಬೋರ್ಡಿಗೊಂದು, ಅವನ್ನು ಹಾಗೇ ಖಾಲಿ ಬಿಟ್ಟೆ. ಎಕ್ಸ್‌ಪಿಗೆ ಯುಎಸ್‌ಬಿ ಕೀಬೋರ್ಡ್ ಚೆನ್ನಾಗಿ ಗೊತ್ತು. ಬೇರೆ ಡ್ರೈವರ್ ಏನೂ ಹಾಕಬೇಕಾಗಿಲ್ಲ.

ಇದರಲ್ಲೂ ಎರಡು ವಿಷಯ ಕಷ್ಟಪಟ್ಟು ಕಲಿತೆ.

ಒಂದು, ಹಳೆಯ ಯಂತ್ರ ಆನ್ ಮಾಡುವಾಗ ಸ್ವಿಚ್ ಹೊಸ ಕಂಪ್ಯೂಟರ್ ಕಡೆ ಇದ್ದರೆ ಅದು ಕಪ್ಪು ಪರದೆಯಲ್ಲೇ ನಿಂತುಬಿಡುತ್ತದೆ. ಕೀಬೋರ್ಡ್ ಸಿಗುತ್ತಿಲ್ಲ, ಎಫ್1 ಒತ್ತಿ ಅನ್ನುತ್ತದೆ. ಬಯಾಸ್, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್, ಅದರ ಒಳಗೆ ಹೋಗಿ 'ಹಾಲ್ಟ್ ಆನ್' ಅನ್ನುವ ಕಡೆ 'ಆಲ್ ಬಟ್ ಕೀಬೋರ್ಡ್' ಅಂತ ಇಟ್ಟ ಮೇಲೆ ಸರಿಹೋಯಿತು.

ಎರಡನೆಯದು ದೊಡ್ಡ ತಪ್ಪು, ಅದು ನನ್ನದೇ. ಸ್ವಿಚ್ಚಿನಲ್ಲಿ ತೂತು ಖಾಲಿ ಇತ್ತಲ್ಲ, ಪೆನ್‌ಡ್ರೈವ್ ಹಾಕಿದೆ. ಬಹಳ ಅನುಕೂಲ, ಗುಂಡಿ ಒತ್ತಿದರೆ ಪೆನ್‌ಡ್ರೈವ್ ಕೂಡ ಆ ಕಂಪ್ಯೂಟರಿಗೆ ಹೋಗುತ್ತದೆ. ಆದರೆ ಗುಂಡಿ ಒತ್ತುವುದು ಅಂದರೆ ಪೆನ್‌ಡ್ರೈವನ್ನು ಹೇಳದೆ ಕೇಳದೆ ಕಿತ್ತ ಹಾಗೆ. ಒಂದು ಶಾಲೆಯ ಸ್ಮರಣ ಸಂಚಿಕೆಯ ಫೈಲ್ ಕಾಪಿ ಆಗುತ್ತಿತ್ತು, ಮುಗಿಯಿತು ಅಂದುಕೊಂಡು ಒತ್ತಿದೆ. 48 ಪುಟದ ಕೆಲಸ ತೆರೆಯಲೇ ಇಲ್ಲ. ಪುಣ್ಯಕ್ಕೆ ಮೂಲ ಫೈಲ್ ಹಳೆಯ ಯಂತ್ರದಲ್ಲಿ ಇತ್ತು. ಅವತ್ತಿನಿಂದ ಮೊದಲು ಇಜೆಕ್ಟ್, ಆಮೇಲೆ ಗುಂಡಿ. ಪ್ರಿಂಟರ್ ಸಿಗಿಸಿದವರೂ ಅಷ್ಟೇ, ಕೊನೆಯ ಪುಟ ಹೊರಗೆ ಬರುವ ತನಕ ಗುಂಡಿ ಮುಟ್ಟಬೇಡಿ.

ಇಷ್ಟು ಬಿಟ್ಟರೆ ಎರಡು ವರ್ಷದಿಂದ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಒತ್ತಿದ ಮೇಲೆ ಒಂದೆರಡು ಸೆಕೆಂಡ್ ಕಾಯಬೇಕು, ಕಂಪ್ಯೂಟರ್ ಕೀಬೋರ್ಡನ್ನು ಹೊಸದಾಗಿ ಗುರುತಿಸುತ್ತದೆ, ಅಷ್ಟೇ. ಎರಡನೇ ಮಾನಿಟರನ್ನು ಪಕ್ಕದ ಬೀದಿಯಲ್ಲಿ ಪಿಯುಸಿ ಓದುವ ಹುಡುಗಿಗೆ ಕೊಟ್ಟೆ. ಮೇಜಿನ ಮೇಲೆ ಈಗ ಎ4 ಕರಡು ಎರಡು ಪುಟ ಬಿಡಿಸಿಟ್ಟುಕೊಂಡು ನೋಡಬಹುದು. ಭುಜದ ನೋವೂ ಬಹಳ ಕಡಿಮೆಯಾಗಿದೆ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಒಂದೇ ಮಾನಿಟರ್ ಇರುವುದರಿಂದ ಫೈಲ್ ಉಳಿಸಿಕೊಳ್ಳಲು ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ಮಲೆನಾಡಿನ ಮಳೆಗಾಲ ನೋಡಿದವರಿಗೆ ಆ ಸ್ವಲ್ಪ ಹೊತ್ತಿನ ಬೆಲೆ ಗೊತ್ತು.

ಈಗ ವಿಂಡೋಸ್ 10ರ ವಿಷಯಕ್ಕೆ ಬರುತ್ತೇನೆ. ನಮ್ಮ ಯಜಮಾನರ ಹಳೆಯ ಲ್ಯಾಪ್‌ಟಾಪ್ ಒಂದಿತ್ತು, ವಿಂಡೋಸ್ 11 ಹಾಕಲು ಬರುವುದಿಲ್ಲ ಅಂತ ಆಯಿತು. ಯಂತ್ರ ಮಾತ್ರ ಗಟ್ಟಿಮುಟ್ಟಾಗಿದೆ. ಮಗಳು ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟಳು, ಅದು ಉಚಿತ. ಈಗ ಗಿರಾಕಿಗಳ ಮೇಲ್, ವಾಟ್ಸ್‌ಆ್ಯಪ್, ಪಿಡಿಎಫ್ ಪ್ರೂಫ್ ಎಲ್ಲ ಅದರಲ್ಲಿ. ಅದಕ್ಕೆ ಅದರದ್ದೇ ಸ್ಕ್ರೀನ್ ಇದೆ. ಆದರೆ ಅದರ ಕೀಬೋರ್ಡಿನಲ್ಲಿ ಎರಡು ಕೀ ಹೋಗಿವೆ. ಇಲ್ಲಿಗೆ ಯಾವ ಡಬ್ಬಿಯೂ ಬೇಡ, ತಂತ್ರಾಂಶವೇ ಸಾಕು.

ಇದನ್ನು ಮೊದಲ ಸಲ ನೋಡಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ದೊಡ್ಡ ಕಂಪ್ಯೂಟರಿನ ಸ್ಕ್ರೀನಿನಲ್ಲಿ ಮೌಸನ್ನು ಬಲ ಅಂಚಿನ ತನಕ ತಳ್ಳಿದರೆ ಬಾಣದ ಗುರುತು ಅಲ್ಲಿಂದ ಹೊರಟು ಪಕ್ಕದ ಲ್ಯಾಪ್‌ಟಾಪಿನ ಎಡ ಅಂಚಿನಲ್ಲಿ ಹುಟ್ಟುತ್ತದೆ. ಆಮೇಲೆ ಟೈಪ್ ಮಾಡಿದ್ದೆಲ್ಲ ಅಲ್ಲಿಗೆ. ಎರಡೂ ಒಂದೇ ವೈಫೈನಲ್ಲಿ ಇರಬೇಕು, ಅಷ್ಟೇ. ಅಲ್ಲಿ ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಬಹುದು. ಗಿರಾಕಿ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಹೆಸರುಗಳ ಪಟ್ಟಿಯನ್ನು ನಾನು ಈಗ ಮತ್ತೆ ಟೈಪ್ ಮಾಡುವುದಿಲ್ಲ.

ಎರಡೂ ವಿಂಡೋಸ್ ಆಗಿದ್ದರೆ ಮೈಕ್ರೋಸಾಫ್ಟಿನದೇ 'ಮೌಸ್ ವಿದೌಟ್ ಬಾರ್ಡರ್ಸ್' ಇದೆ. ಉಚಿತ, ನಾಲ್ಕು ಕಂಪ್ಯೂಟರ್ ತನಕ. ಈಗ ಪವರ್‌ಟಾಯ್ಸ್ ಅನ್ನುವ ಕಟ್ಟಿನಲ್ಲಿ ಸೇರಿಕೊಂಡಿದೆ. ಆ್ಯಪಲ್ ಮ್ಯಾಕ್, ಐಪ್ಯಾಡ್ ಇರುವವರಿಗೆ 2022ರಿಂದ 'ಯೂನಿವರ್ಸಲ್ ಕಂಟ್ರೋಲ್' ಒಳಗೇ ಬರುತ್ತದೆ. ನನ್ನ ಹಾಗೆ ಒಂದು ವಿಂಡೋಸ್, ಒಂದು ಲಿನಕ್ಸ್ ಅಂತ ಬೆರಕೆ ಇದ್ದವರಿಗೆ ಡೆಸ್ಕ್‌ಫ್ಲೋ, ಇನ್‌ಪುಟ್ ಲೀಪ್ ಅಂತ ಎರಡಿವೆ. ಇವೆರಡರ ಮೂಲ ಸಿನರ್ಜಿ ಎಂಬ ಹಳೆಯ ತಂತ್ರಾಂಶ. ಕೋಡ್ ಮುಕ್ತವಾಗಿತ್ತು, ಜನ ಅದನ್ನು ಮುಂದುವರಿಸಿಕೊಂಡು ಬಂದರು. ದುಡ್ಡು ಕೇಳದೆ ಇಂಥದ್ದನ್ನು ಕಟ್ಟಿ ಕೊಡುವವರಿಗೆ ಕೈ ಮುಗಿಯಬೇಕು.

ಇಲ್ಲೂ ಕನ್ನಡದ ಒಂದು ಗಂಟು ಇದೆ. ಮುಖ್ಯ ಕಂಪ್ಯೂಟರಿನಲ್ಲಿ ಕನ್ನಡ ಆನ್ ಇಟ್ಟುಕೊಂಡು ಮೌಸನ್ನು ಪಕ್ಕಕ್ಕೆ ದಾಟಿಸಿದರೆ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಏನೂ ಬೀಳುವುದಿಲ್ಲ, ಒಮ್ಮೆ ಏನೇನೋ ಬೀಳುತ್ತದೆ. ದಾಟುವ ಮೊದಲು ಇಲ್ಲಿ ಇಂಗ್ಲಿಷಿಗೆ ಬನ್ನಿ, ದಾಟಿದ ಮೇಲೆ ಅಲ್ಲಿ ಕನ್ನಡ ಆನ್ ಮಾಡಿ. ಹೀಗೆ ಮಾಡಿದಾಗಿನಿಂದ ನನಗೆ ಸರಿಯಾಗಿದೆ. ಲಿನಕ್ಸ್‌ನಲ್ಲಿ ಕಗಪ ವಿನ್ಯಾಸ ಸಿಗುತ್ತದೆ, ಅಂದರೆ ಕೆ.ಪಿ. ರಾವ್ ಅವರು ಮಾಡಿದ, ನಾವು ನುಡಿಯಲ್ಲಿ ಬಳಸುವ ಅದೇ ಜೋಡಣೆ. ಬೆರಳು ಹೊಸದಾಗಿ ಏನೂ ಕಲಿಯಬೇಕಾಗಿಲ್ಲ.

ಎಚ್ಚರಿಕೆಯ ಮಾತೂ ಹೇಳಬೇಕು. ತಂತ್ರಾಂಶದ ದಾರಿಯಲ್ಲಿ ನೀವು ಒತ್ತುವ ಪ್ರತಿ ಕೀ, ಬ್ಯಾಂಕ್ ಪಾಸ್‌ವರ್ಡ್ ಕೂಡ, ನೆಟ್‌ವರ್ಕ್ ಮೇಲೆ ಹೋಗುತ್ತದೆ. ಡೆಸ್ಕ್‌ಫ್ಲೋ, ಇನ್‌ಪುಟ್ ಲೀಪ್ ಎರಡರಲ್ಲೂ ಟಿಎಲ್‌ಎಸ್ ಅಂತ ಒಂದು ಆಯ್ಕೆ ಇರುತ್ತದೆ, ಹೋಗುವ ಮಾತನ್ನು ಬೇರೆಯವರು ಓದಲಾಗದಂತೆ ಮಾಡುವುದು. ಅದು ಆನ್ ಇದೆಯೇ ನೋಡಿಕೊಳ್ಳಿ. ಹಾಸ್ಟೆಲ್, ಪಿಜಿ, ಕಾಫಿ ಅಂಗಡಿಯ ವೈಫೈನಲ್ಲಿ ಇದನ್ನು ಮಾಡಲೇಬೇಡಿ. ಇದೇ ಕಾರಣಕ್ಕೆ ನನ್ನ ಎಕ್ಸ್‌ಪಿ ಯಂತ್ರವನ್ನು ಈ ದಾರಿಗೆ ತರಲಿಲ್ಲ. 2014ರ ಏಪ್ರಿಲ್‌ನಲ್ಲೇ ಅದಕ್ಕೆ ಬೆಂಬಲ ನಿಂತಿದೆ, ಅದನ್ನು ಯಾವ ನೆಟ್‌ವರ್ಕಿಗೂ ಸಿಗಿಸಬಾರದು. ಅದಕ್ಕೆ ಡಬ್ಬಿಯೇ ಸರಿ, ಡಬ್ಬಿ ಎರಡು ಕಂಪ್ಯೂಟರನ್ನು ಒಂದಕ್ಕೊಂದು ಮಾತಾಡಲು ಬಿಡುವುದಿಲ್ಲ. ಪೆನ್‌ಡ್ರೈವಿನಲ್ಲಿ ವೈರಸ್ ಹೋಗಬಹುದು, ಅದನ್ನು ಮಾತ್ರ ಪ್ರತಿ ಸಲ ಸ್ಕ್ಯಾನ್ ಮಾಡುತ್ತೇನೆ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಇರುವವರು ಕಂಪನಿಯವರನ್ನು ಕೇಳದೆ ಇಂಥ ತಂತ್ರಾಂಶ ಹಾಕಬೇಡಿ.

ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಸಿಗಿಸುವವರಿಗೆ ಇನ್ನೆರಡು ಮಾತು. ಟೈಪ್ ಸಿ ತೂತು ಇದ್ದ ಮಾತ್ರಕ್ಕೆ ಅದರಿಂದ ಚಿತ್ರ ಬರುತ್ತದೆ ಅಂತಲ್ಲ, ಕೆಲವದರಲ್ಲಿ ಚಾರ್ಜ್ ಮತ್ತು ಫೈಲ್ ಅಷ್ಟೇ. 4ಕೆ ಮಾನಿಟರ್, ಅಂದರೆ ಬಹಳ ಹೆಚ್ಚು ಚುಕ್ಕಿ ತೋರಿಸುವುದು, ಇದ್ದರೆ ಡಬ್ಬಿಯ ಮೇಲೆ ಬರೀ 4ಕೆ ಅಂತ ಬರೆದದ್ದು ನೋಡಿ ತರಬೇಡಿ. ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬರುತ್ತದೆ, ಮೌಸ್ ಎಳೆದರೆ ತಡವರಿಸುತ್ತದೆ. 60 ಸಲ ಬೇಕಾದರೆ ಎಚ್‌ಡಿಎಂಐ 2.0 ಇರಬೇಕು, ಕೇಬಲ್ ಕೂಡ ಅದಕ್ಕೆ ತಕ್ಕದ್ದು.

ನನಗೆ ಜಾಸ್ತಿ ಬೇಸರ ತರಿಸುವುದು ಮನೆಗಳಲ್ಲ, ಕಚೇರಿ ಮತ್ತು ಶಾಲೆಗಳು. ಕೆಲಸಕ್ಕೆ ಅಂತ ಹಲವು ಕಡೆ ಹೋಗುತ್ತಿರುತ್ತೇನೆ. ಹೊಸ ಕಂಪ್ಯೂಟರ್ ಬಂದ ದಿನ ಹಳೆಯ ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲ ಹಿಂದಿನ ಕೋಣೆಗೆ ಹೋಗುತ್ತವೆ. ಒಂದರ ಮೇಲೊಂದು, ಕಿಟಕಿಯಿಂದ ಇರಚಲು ಹೊಡೆಯುವ ಜಾಗದಲ್ಲಿ. ಅವುಗಳಲ್ಲಿ ಎಷ್ಟೋ ಚೆನ್ನಾಗಿಯೇ ಇರುತ್ತವೆ. ಎಲ್‌ಇಡಿ ಮಾನಿಟರ್ ಸಿಪಿಯುಗಿಂತ ಹೆಚ್ಚು ವರ್ಷ ಬಾಳುವುದನ್ನು ನಾವೆಲ್ಲ ನೋಡಿದ್ದೇವೆ. ಒಬ್ಬರೇ ಕೂರುವ ಮೇಜಿನ ಮೇಲೆ ಎರಡೆರಡು ಸೆಟ್ ಇಟ್ಟಿರುವುದನ್ನೂ ಕಂಡಿದ್ದೇನೆ, ಒಂದು ಹಳೆಯ ದಾಖಲೆ ನೋಡಲು, ಒಂದು ಹೊಸ ಕೆಲಸಕ್ಕೆ. ಕೂರುವವರಿಗೆ ಇರುವುದು ಒಂದು ಜೊತೆ ಕೈ ಅಲ್ವಾ? ಇ-ತ್ಯಾಜ್ಯಕ್ಕೆ ನಮ್ಮ ದೇಶದಲ್ಲಿ 2022ರ ನಿಯಮಗಳಿವೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅದು ಎಸೆಯುವಾಗಿನ ಮಾತು. ಕೊಳ್ಳುವಾಗಲೇ ಡಬ್ಬ ಮಾತ್ರ ಸಾಕು ಅಂತ ಬರೆದರೆ ಎಸೆಯುವುದೇ ಕಡಿಮೆಯಾಗುತ್ತದೆ. ಖರೀದಿಯ ಪಟ್ಟಿ ತಯಾರು ಮಾಡುವ ಅಧಿಕಾರಿಗಳು, ಮುಖ್ಯ ಶಿಕ್ಷಕರು ದಯವಿಟ್ಟು ಇದನ್ನು ಯೋಚಿಸಿ. ಎರಡು ಯಂತ್ರ ಬೇಕಾದ ಮೇಜಿಗೆ ಒಂದು ಸ್ವಿಚ್ ಸೇರಿಸಿ, ಒಂದು ಮಾನಿಟರ್ ತೆಗೆದುಹಾಕಿ. ಹಾಗೆ ಉಳಿದ ದುಡ್ಡಿನಲ್ಲಿ ಶಾಲೆಗೆ ಒಳ್ಳೆಯ ಯುಪಿಎಸ್ ಬರಬಹುದು.

ಅಂಗಡಿಯವರಲ್ಲಿ ಕೇಳುವುದು ಇಷ್ಟೇ. ಗಿರಾಕಿ ಬಂದಾಗ "ಮನೆಯಲ್ಲಿ ಮಾನಿಟರ್ ಇದೆಯಾ, ಅದರ ಹಿಂದೆ ಯಾವ ಪೋರ್ಟ್ ಇದೆ" ಅಂತ ಒಂದು ಮಾತು ಕೇಳಿ. ಒಂದು ಮಾನಿಟರ್ ಮಾರಾಟ ತಪ್ಪಬಹುದು, ಆ ಗಿರಾಕಿ ಮುಂದಿನ ಸಲವೂ ನಿಮ್ಮ ಹತ್ತಿರವೇ ಬರುತ್ತಾರೆ. ಕೊಳ್ಳುವವರು ಹೋಗುವ ಮೊದಲು ಎರಡೂ ಕಂಪ್ಯೂಟರಿನ ಹಿಂಭಾಗ, ಮಾನಿಟರಿನ ಹಿಂಭಾಗ, ಮೂರನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ ತೋರಿಸಿ. ನನ್ನ ಎರಡು ಓಡಾಟ ಅದರಿಂದ ಉಳಿಯುತ್ತಿತ್ತು.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಈ ಡಬ್ಬಿಗಳ ಜೊತೆ ಬರುವ ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ, ಅದೂ ಅಕ್ಕಿ ಕಾಳಿನಷ್ಟು ಅಕ್ಷರದಲ್ಲಿ. ಒಂದು ದಿನ ಕಂಪ್ಯೂಟರ್ ಮತ್ತು ಮಾನಿಟರಿನ ಹಿಂಬದಿಯ ಚಿತ್ರವನ್ನು ಅರ್ಧ ಪುಟದಷ್ಟು ದೊಡ್ಡದಾಗಿ ಹಾಕಿ. ವಿಜಿಎ ಯಾವುದು, ಎಚ್‌ಡಿಎಂಐ ಯಾವುದು, ಡಿಸ್‌ಪ್ಲೇ ಪೋರ್ಟ್ ಯಾವುದು, ಯುಎಸ್‌ಬಿಯಲ್ಲಿ ಎಷ್ಟು ಬಗೆ, ಯಾವುದು ಯಾವುದಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಅಂತ ಪಕ್ಕದಲ್ಲಿ ಕನ್ನಡದಲ್ಲಿ ಬರೆಯಿರಿ. ನಾನು ಆ ಪುಟ ಕತ್ತರಿಸಿ ನನ್ನ ಕೋಣೆಯ ಗೋಡೆಗೆ ಅಂಟಿಸಿಕೊಳ್ಳುತ್ತೇನೆ, ಪ್ರೂಫ್ ನೋಡಲು ಬರುವ ಎಲ್ಲರಿಗೂ ತೋರಿಸುತ್ತೇನೆ.

ಇಂತಿ,
ಒಬ್ಬ ಡಿಟಿಪಿ ಕೆಲಸಗಾರ್ತಿ
ಶಿವಮೊಗ್ಗ